ಮೂಗರ್ಜಿಯ ಬೂದು ಶಾಯಿ

ಅನಂತಾಚಾರ್ಯರಿಗೆ ಬೀಡಿಯ ಚಟವಿರಲಿಲ್ಲ, ಇಸ್ಪೀಟಿನ ಚಟವಿರಲಿಲ್ಲ, ನಾಟಕದ ಹುಚ್ಚೂ ಇರಲಿಲ್ಲ. ಇದ್ದದ್ದು ಒಂದೇ ಹುಚ್ಚು, ಶಾಯಿಯದು. ಹಿರೇಕೆರೂರಿನ ಕಚೇರಿಯ ಎದುರು ಬೇವಿನ ಮರದ ಕೆಳಗೆ ಡೆಸ್ಕು ಹಾಕಿಕೊಂಡು ಇಪ್ಪತ್ತೆರಡು ವರ್ಷ ಕಂಡವರ ಅರ್ಜಿ ಬರೆದ ಮನುಷ್ಯ ಅವರು. ಬಾಲ್‌ಪೆನ್ನು ಊರಿಗೆ ಬಂದು ಎಷ್ಟೋ ಕಾಲವಾಗಿದ್ದರೂ ಅದನ್ನು ಕೈಯಲ್ಲಿ ಹಿಡಿದವರಲ್ಲ. "ಅದು ಬರಿಯೂದಿಲ್ಲಪಾ, ಗೀಚತದ" ಎಂದು ಮುಖ ಸಿಂಡರಿಸುತ್ತಿದ್ದರು. ಮನೆಯಲ್ಲಿ ಸಕ್ಕರೆ ಇದೆಯೋ ಇಲ್ಲವೋ ಅವರಿಗೆ ಗೊತ್ತಿರುತ್ತಿರಲಿಲ್ಲ. ಬಾಟಲಿಯಲ್ಲಿ ಶಾಯಿ ಎಷ್ಟಿದೆ ಎಂಬುದು ಗೊತ್ತಿರುತ್ತಿತ್ತು.

ಎಪ್ಪತ್ತೆಂಟನೇ ಇಸವಿಯ ಮಾತು. ಮಠದ ಆರಾಧನೆಗೆಂದು ಸವಣೂರಿಗೆ ಹೋದವರು ವಾಡಿಕೆಯಂತೆ ನಸೀರಾಳ ಅಂಗಡಿಗೆ ಹೊಕ್ಕರು. ಗಂಡ ತೀರಿಕೊಂಡ ಮೇಲೆ ಪಾಟಿ, ಪುಸ್ತಕ, ಪೆನ್ನು ಮಾರಿಕೊಂಡು ಗಟ್ಟಿಯಾಗಿ ನಿಂತ ಹೆಂಗಸು ಅವಳು. ಆಚಾರ್ಯರನ್ನು ಕಂಡದ್ದೇ ಹಿಂದಿನ ಕಪಾಟಿನಿಂದ ಒಂದು ಬಾಟಲಿ ತೆಗೆದಿಟ್ಟಳು.

"ನಮ್ಮ ಅಕ್ಕನ ಮಗಾ ಮುಂಬಯಿದಿಂದ ತಂದಾನ್ರಿ ಆಚಾರ್ರ. ನೀಲಿ ಅಲ್ಲ, ಕರೀದೂ ಅಲ್ಲ. ಬೂದಿ ಕಲಸಿದ ನೀರು ಅಂತ ನಕ್ಕೋತ ಹೋಗ್ತಾರ ಮಂದಿ. ಇದೊಂದ ಐತಿ. ನೀವ ಒಯ್ಯಿರಿ."

ಆಚಾರ್ಯರು ಬಾಟಲಿಯನ್ನು ಬಿಸಿಲಿಗೆ ಹಿಡಿದು ನೋಡಿದರು. ಆಮೇಲೆ ಅವರಿಗೆ ಮಠದ ಊಟವೂ ರುಚಿಸಲಿಲ್ಲ, ಪ್ರವಚನವೂ ಕಿವಿಗೆ ಬೀಳಲಿಲ್ಲ. ಯಾವಾಗ ಊರು ಮುಟ್ಟೇನು, ಯಾವಾಗ ಬರೆದೇನು ಎಂಬುದೇ ಧ್ಯಾನ.

ಮರುದಿನ ಮುಂಜಾನೆ ಡೆಸ್ಕಿನ ಮುಂದೆ ಕೂತು ಪೆನ್ನನ್ನು ಬಿಚ್ಚಿ ನಾಲ್ಕು ನೀರಿನಲ್ಲಿ ತೊಳೆದರು. ಹೊಸ ಶಾಯಿ ತುಂಬಿ, ಅರ್ಜಿಯ ಕಾಗದದ ಮೇಲೆ 'ಶ್ರೀ' ಬರೆದು, ಕೈಗೆ ರೂಢಿಯಾದ ಸಾಲನ್ನೇ ಬರೆದರು: 'ಮಹಾಸ್ವಾಮಿಗಳವರಲ್ಲಿ ವಿನಂತಿ ಏನೆಂದರೆ'. ಬರೆದು ಸಪ್ಪಗಾದರು. ಹಸಿಯಿದ್ದಾಗ ಅದು ಪಾತ್ರೆ ತೊಳೆದ ನೀರಿನ ಹಾಗಿತ್ತು. ಆದರೆ ಒಣಗುತ್ತ ಒಣಗುತ್ತ ಗಟ್ಟಿಯಾಯಿತು ನೋಡಿ! ತಲೆಕಟ್ಟು ತೆಳ್ಳಗೆ, ಒತ್ತಕ್ಷರದ ಬಾಲ ತಿರುಗುವಲ್ಲಿ ಕಡುಬೂದು, ಕೈ ಎತ್ತಿದ ಕಡೆಯೆಲ್ಲ ಒಂದೊಂದು ಕಪ್ಪು ಚುಕ್ಕೆ. ಇಷ್ಟು ವರ್ಷ ನೀಲಿಯಲ್ಲಿ ಮುಚ್ಚಿಹೋಗಿದ್ದ ತಮ್ಮ ಕೈಯ ಏರಿಳಿತ ಈಗ ಕಣ್ಣಿಗೆ ಕಾಣುತ್ತಿತ್ತು. ಒರಟು ಕಾಗದದ ಮೇಲೂ ಹರಡಲಿಲ್ಲ. ಬೆರಳು ಒದ್ದೆ ಮಾಡಿ ತಿಕ್ಕಿದರೆ ಕದಲಲಿಲ್ಲ. ಆಚಾರ್ಯರು ಹಿಗ್ಗಿ ಹೀರೇಕಾಯಿಯಾದರು. ಕಚೇರಿಯ ಜವಾನ, ಚಹಾದವನು, ಬಸ್ಸಿಗೆ ಕಾದ ನಾಲ್ಕು ಮಂದಿ, ಹೀಗೆ ಸಿಕ್ಕಸಿಕ್ಕವರ ಹೆಸರನ್ನೆಲ್ಲ ಚೀಟಿಯ ಮೇಲೆ ಬರೆದು ಬರೆದು ಕೊಟ್ಟರು.

ಮರದ ಇನ್ನೊಂದು ಮಗ್ಗುಲಲ್ಲಿ ಗುತ್ತೆಪ್ಪನ ಡೆಸ್ಕು. ಊರ ಹೊರಗಿನ ಕೇರಿಯಲ್ಲಿ ಮೆಟ್ರಿಕ್ ಮುಗಿಸಿದವರಲ್ಲಿ ಅವನೇ ಮೊದಲಿಗ. ಮೂವತ್ತರ ಆಸುಪಾಸಿನ, ಮಾತು ಕಡಿಮೆಯ ಮನುಷ್ಯ. ಅವನದೊಂದು ಹಟವಿತ್ತು. ಮೂಗರ್ಜಿ ಬರೆಯುತ್ತಿರಲಿಲ್ಲ. ಹೆಸರಿಲ್ಲದ, ಸಹಿಯಿಲ್ಲದ ದೂರು ತಂದವರನ್ನು ಎದುರಿಗೆ ಕೂರಿಸಿಕೊಂಡು, "ನಿಮ್ಮ ಹೆಸರ ನಿಮಗ ಬ್ಯಾಡಾದ್ರ ಸಾಹೇಬ್ರಿಗೆ ಯಾಕ ಬೇಕಾಗತೈತ್ರಿ?" ಎಂದು ಕೇಳಿ ಎಬ್ಬಿಸಿ ಕಳಿಸುತ್ತಿದ್ದ.

"ಬಾರೋ ಗುತ್ತೆಪ್ಪ, ಒಂದ ಸಾಲು ಬರದು ನೋಡು" ಎಂದು ಆಚಾರ್ಯರು ಕರೆದರು.

ಗುತ್ತೆಪ್ಪ ತನ್ನ ಪೆನ್ನು ತೊಳೆದುಕೊಂಡು ಬಂದ. ಬರೆದ, ಒಣಗುವ ತನಕ ಕಾದ, ಕಣ್ಣರಳಿಸಿದ. "ಭಾಳ ಚಲೋ ಐತ್ರಿ ಆಚಾರ್ರ. ನಡಕೋತ ಬಂದು ಆಮ್ಯಾಲ ಗಟ್ಯಾಗಿ ನಿಂದರತೈತಿ."

ಇಂಥ ಮೆಚ್ಚುಗೆಗೆ ಸೋಲದ ಹುಚ್ಚ ಯಾರಿದ್ದಾನೆ? ಆಚಾರ್ಯರು ಅವನ ಖಾಲಿ ಬಾಟಲಿಯನ್ನು ನೆಲದ ಮೇಲೆ ಇಡಿಸಿ ಅರ್ಧ ಶಾಯಿ ಸುರಿದುಕೊಟ್ಟರು. ಬಾಟಲಿಯ ಬಾಯಿಗೆ ಬಾಟಲಿಯ ಬಾಯಿ ತಾಗದಂತೆ, ಒಂದು ಗೇಣು ಮೇಲಿಂದ ಸುರಿದರು. ಗುತ್ತೆಪ್ಪ ಅದನ್ನು ನೋಡಿದ. ಮುಚ್ಚಳ ಹಾಕಿಕೊಂಡ.

ಅದೇ ಮಧ್ಯಾಹ್ನ, ಗುತ್ತೆಪ್ಪ ಉಣ್ಣಲು ಹೋದಾಗ, ಅದೇ ಕೇರಿಯ ಚೌಡವ್ವ ಸೆರಗು ಬಾಯಿಗೆ ಒತ್ತಿಕೊಂಡು ಬಂದು ಆಚಾರ್ಯರ ಡೆಸ್ಕಿನಿಂದ ಎರಡು ಮಾರು ದೂರ ಕೂತಳು.

"ನನ್ನ ಗಂಡನ್ನ ಹೆಂಗ ಕೊಂದ್ರು ಅನ್ನೂದನ್ನ ಧಾರವಾಡದ ದೊಡ್ಡ ಸಾಹೇಬ್ರಿಗೆ ಬರೀಬೇಕ್ರಿ ಯಪ್ಪಾ. ನನ್ನ ಹೆಸರ ಬ್ಯಾಡ್ರಿ. ಮನ್ಯಾಗ ಎರಡು ಹೆಣ್ಣು ದೊಡ್ಡವಾಗ್ಯಾವ. ಗುತ್ತೆಪ್ಪ ಹೆಸರಿಲ್ಲದ ಬರಿಯಾಕ ಒಲ್ಲೆ ಅಂದ."

ಅವಳ ಗಂಡ ಉಳಿವೆಪ್ಪ. ಬುದ್ಧನ ಪಟ ಇಟ್ಟುಕೊಂಡ ಮೇಲೆ ಆ ಕೇರಿಯವರು ಊರಿನ ಸತ್ತ ದನ ಎಳೆಯುವುದನ್ನು ಬಿಟ್ಟಿದ್ದರು. ಹತ್ತಿ, ಗೋವಿನಜೋಳದ ದೊಡ್ಡ ವ್ಯಾಪಾರಿ ನೀಲಪ್ಪನ ಹೊಲದಲ್ಲಿ ಎತ್ತೊಂದು ಹಾವು ಕಚ್ಚಿ ಸತ್ತಿತು. ಉಳಿವೆಪ್ಪನಿಗೆ ಕರೆ ಹೋಯಿತು. ಉಳಿವೆಪ್ಪ ಬಂದು, ಕೈಮುಗಿದು, ಎಳೆಯುವುದಿಲ್ಲ ಎಂದ. ನೀಲಪ್ಪನ ಎರಡು ಆಳುಗಳು ಬಂಡಿಗೂಟ ಕಿತ್ತುಕೊಂಡು ಮೊದಲು ಅವನ ಮೊಣಕಾಲಿಗೆ ಹೊಡೆದರು, ಓಡಬಾರದೆಂದು. ಬಿದ್ದವನ ಬೆನ್ನಿಗೆ ಹೊಡೆದರು. ಸತ್ತ ಎತ್ತಿನ ಕಾಲಿಗೆ ಕಟ್ಟಿದ ಹಗ್ಗದಲ್ಲೇ ಅವನ ಕಾಲನ್ನೂ ಬಿಗಿದು, ಬೇರೊಂದು ಜೋಡಿ ಎತ್ತು ಹೂಡಿ, ಅರ್ಧ ಮೈಲಿ ಕಲ್ಲುಹೊಲದ ಮೇಲೆ ಎಳೆಸಿದರು. ನೀಲಪ್ಪನೇ ಮುಂದೆ ನಿಂತು ಎತ್ತುಗಳಿಗೆ ಬಾರುಕೋಲು ಬೀಸಿದ. ಒಂದೇ ಹಗ್ಗದಲ್ಲಿ ಎರಡು ಮೈ, ಒಂದು ಇನ್ನೂ ಅರಚುತ್ತಿತ್ತು. ಪಕ್ಕದ ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದ ಚೌಡವ್ವ ಗಿಡಗಳ ನಡುವೆ ಕುಕ್ಕರಿಸಿಕೊಂಡು, ಬಾಯಿಗೆ ಹತ್ತಿ ತುರುಕಿಕೊಂಡು ಅದನ್ನೆಲ್ಲ ನೋಡಿದ್ದಳು.

"ಮೈ ತೊಳಿಯಾಕ ಹೋದ್ರ ಬೆನ್ನಾಗ ತೊಗಲ ಇರಲಿಲ್ರಿ" ಎಂದಳು. ಅಳಲಿಲ್ಲ. ಎತ್ತು ಬೆದರಿ ಹಗ್ಗ ಕಾಲಿಗೆ ಸುತ್ತಿಕೊಂಡಿತು ಎಂದು ನೀಲಪ್ಪನ ಆಳುಗಳೇ ಪಂಚರಾಗಿ ನಿಂತು ಹೇಳಿಕೆ ಕೊಟ್ಟಿದ್ದರು. ಅಲ್ಲಿಗೆ ಮುಗಿದಿತ್ತು.

ಆಚಾರ್ಯರ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಅದು ನಿಜವಾದ ಬೆಂಕಿಯೇ, ಅದರಲ್ಲಿ ಅನುಮಾನ ಬೇಡ. ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಬರೆಯಲು ಕೂತರು. ಅಕ್ಷರದ ಗುರುತು ಸಿಗಬಾರದೆಂದು ಎಡಗೈಯಲ್ಲಿ ಬರೆದರು. ಹಿರೇಕೆರೂರಿನ ಅಂಚೆಯ ಮುದ್ರೆ ಬೀಳಬಾರದೆಂದು ಎರಡು ಬಸ್ಸು ಬದಲಿಸಿ ಶಿಗ್ಗಾಂವಿಗೆ ಹೋಗಿ ಡಬ್ಬಿಗೆ ಹಾಕಿದರು. ಇಷ್ಟೆಲ್ಲ ಜಾಣತನ ಮಾಡಿದ ಮನುಷ್ಯ ಬರೆದದ್ದು ಯಾವುದರಲ್ಲಿ? ನೀಲಿ ತುಂಬಿದ ಪೆನ್ನು ಎದುರಿಗೇ ಇತ್ತು. ಅದನ್ನು ಎತ್ತಿಕೊಂಡರು, ಕೆಳಗಿಟ್ಟರು. ಹೊಸ ಶಾಯಿ ಎರಡು ಪುಟ ತುಂಬ ಹೇಗೆ ನಿಲ್ಲುತ್ತದೋ ನೋಡಬೇಕೆನಿಸಿತು. ಸಾವಿನ ಸುದ್ದಿಗೆ ಬೂದು ಒಪ್ಪುತ್ತದೆ ಎಂದೂ ಅನಿಸಿತು. ಒಬ್ಬನ ಬೆನ್ನಿನ ತೊಗಲು ಸುಲಿದುಹೋದ ಕತೆಯನ್ನು ಬರೆಯುವಾಗ ಈ ಮಹಾರಾಯರು ಶಾಯಿಯ ಚಂದ ನೋಡುತ್ತಿದ್ದರು! ಇದಕ್ಕೆ ಏನೆನ್ನಬೇಕೋ ಹೇಳುವವರು ಹೇಳಲಿ.

ಮೂರು ವಾರ ಕಳೆದವು. ಸಂತೆಯ ದಿನ, ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ, ನೀಲಪ್ಪ ಆ ಇಬ್ಬರು ಆಳುಗಳೊಂದಿಗೆ ಬೇವಿನ ಮರದ ಕೆಳಗೆ ಬಂದ. ಕೈಯಲ್ಲಿ ಮೂಗರ್ಜಿ. ಅದು ಯಾರ ಕೈಯಿಂದ ಯಾರ ಕೈಗೆ ಜಾರಿ ಅವನನ್ನು ಮುಟ್ಟಿತೋ ದೇವರಿಗೇ ಗೊತ್ತು. ಆಚಾರ್ಯರು ದೂರದಿಂದಲೇ ಗುರುತು ಹಿಡಿದರು. ಎರಡು ಪುಟ, ತಮ್ಮ ಎಡಗೈಯ ಸೊಟ್ಟ ಅಕ್ಷರ, ಒಂದೂ ಕದಲದೆ ನಿಂತಿತ್ತು.

"ನಮಸ್ಕಾರ್ರಿ ಸ್ವಾಮಿ" ಎಂದು ನೀಲಪ್ಪ ಬಗ್ಗಿ ಕೈಮುಗಿದ. "ಚಹಾದ ಅಂಗಡ್ಯಾಗ ನೀವು ಬರದ ಚೀಟಿ ಗ್ವಾಡಿಗೆ ಹಚ್ಯಾರ. ಇದ ಬಣ್ಣ. ಹಾನಗಲ್ಲಿನ ತನಕ ಅಡ್ಡಾಡಿ ಅಂಗಡಿ, ಸಾಲಿ ಎಲ್ಲಾ ನೋಡೇನಿ. ಈ ಶಾಯಿ ಇನ್ನೆಲ್ಲೂ ಇಲ್ಲ. ನಿಮ್ದ ಹೌದಲ್ರಿ?"

"ಹೌದು" ಎಂದರು ಆಚಾರ್ಯರು.

"ಯಾರಿಗೆ ಕೊಟ್ಟೀರಿ?"

ನೀವು ಬರೆದಿರೇನು ಎಂದು ಅವನು ಕೇಳಲಿಲ್ಲ. ಆ ವಿಚಾರವೇ ಅವನ ತಲೆಗೆ ಹೊಕ್ಕಿರಲಿಲ್ಲ. ಜನಿವಾರದ ಮನುಷ್ಯ, ಮಠಕ್ಕೆ ಹೋಗಿಬರುವ ಮನುಷ್ಯ, ಒಬ್ಬ ಉಳಿವೆಪ್ಪನಿಗಾಗಿ ಎರಡು ಪುಟ ಬರೆದಾನೆಯೇ? ಆಚಾರ್ಯರ ಮುಂದೆ ಬಾಗಿಲು ತಾನಾಗಿ ತೆರೆದುಕೊಂಡಿತು. ಅದರಾಚೆ ಮನೆ, ಹೆಂಡತಿ, ಮಧ್ಯಾಹ್ನದ ಊಟ, ಮುರಿಯದ ಮೂಳೆ. ಹತ್ತು ಹೆಜ್ಜೆ ದೂರದಲ್ಲಿ ಗುತ್ತೆಪ್ಪ ಬರೆಯುವುದನ್ನು ನಿಲ್ಲಿಸಿ ಅವರ ಮುಖವನ್ನೇ ನೋಡುತ್ತಿದ್ದ.

"ಅರ್ಧಾ ಗುತ್ತೆಪ್ಪಗ ಕೊಟ್ಟೇನಿ" ಎಂದರು ಆಚಾರ್ಯರು.

ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ನೀಲಪ್ಪ ತಿರುಗಿದ. ದಾಪುಗಾಲು ಹಾಕಿ ಅಲ್ಲಿಗೆ ಹೋದ. ಗುತ್ತೆಪ್ಪನ ಕೈಯಿಂದ ಪೆನ್ನನ್ನು ಕಿತ್ತು, ಅವನದೇ ಕಾಗದದ ಮೇಲೆ ಗೀಚಿ, ಮೂಗರ್ಜಿಯ ಪಕ್ಕಕ್ಕೆ ಹಿಡಿದ. ನಂತರ ಅದೇ ಪೆನ್ನಿನ ಮೊನೆಯಿಂದ ಗುತ್ತೆಪ್ಪನ ಕೆನ್ನೆಯನ್ನು ಕಿವಿಯ ತನಕ ಗೀರಿದ.

"ನಿನಗ್ಯಾರ ಹೇಳಿದ್ರಲೇ ಇದನ್ನ?"

"ನಾ ಮೂಗರ್ಜಿ ಬರಿಯೂದಿಲ್ಲ. ಊರಿಗೆಲ್ಲಾ ಗೊತ್ತೈತಿ."

ಒಬ್ಬ ಆಳು ಹಿಂದಿನಿಂದ ಒದ್ದ. ಗುತ್ತೆಪ್ಪ ಡೆಸ್ಕಿನ ಮೇಲೆ ಮುಖ ಅಡಿಯಾಗಿ ಬಿದ್ದ. ಮೂಗಿನಿಂದ ರಕ್ತ ಕಾಗದದ ಮೇಲೆ ಸೋರಿತು. ಎದ್ದ. ಮತ್ತೆ ಒದ್ದರು. ಮತ್ತೆ ಎದ್ದ. ಸಂತೆಗೆ ಬಂದ ಮಂದಿ ಚೀಲ ಕೆಳಗಿಟ್ಟು ಸುತ್ತ ನಿಂತರು, ಒಬ್ಬರೂ ಮುಂದೆ ಬರಲಿಲ್ಲ.

"ಬರದಿಲ್ಲಂತೀ? ಹಂಗಾರ ಕೇರಿಗೆ ಹೋಗಿ ಉಳಿವೆಪ್ಪನ ಹೆಂಡ್ತೀನ್ನ ಕೇಳತೇವಿ. ಆಕೀ ಹೆಣ್ಣುಮಕ್ಕಳ್ನ ಮುಂದ ನಿಂದರಿಸಿಗೊಂಡು ಕೇಳತೇವಿ" ಎಂದ ನೀಲಪ್ಪ. ಆಳುಗಳು ಕೇರಿಯ ಕಡೆ ತಿರುಗಿಯೂ ಬಿಟ್ಟರು.

ಗುತ್ತೆಪ್ಪ ಇನ್ನೊಮ್ಮೆ ಆಚಾರ್ಯರ ಕಡೆ ನೋಡಿದ. ಆಚಾರ್ಯರು ಕಣ್ಣು ಕೆಳಗೆ ಹಾಕಿದರು. ಕೈಯಲ್ಲಿದ್ದ ಪೆನ್ನಿಗೆ ಕ್ಯಾಪು ಹಾಕುವ ಎಚ್ಚರವೂ ಇರಲಿಲ್ಲ, ಪಂಚೆಯ ಮೇಲೆ ಶಾಯಿ ಇಳಿಯುತ್ತಿತ್ತು. ಹೇಳು, ಹೇಳು ಎಂದು ಒಳಗೆ ಯಾರೋ ಗುದ್ದುತ್ತಿದ್ದರು.

"ನಿಂದರ್ರಿ" ಎಂದ ಗುತ್ತೆಪ್ಪ. "ನಾನ ಬರದೇನಿ. ಆಕಿಗೆ ಏನೂ ಗೊತ್ತಿಲ್ಲ. ಊರಾಗ ಮಂದಿ ಆಡಿಕೊಳ್ಳೂದನ್ನ ಕೇಳಿ ಬರದೇನಿ."

ನೀಲಪ್ಪ ನಕ್ಕ. ಎದುರಿನ ಗೋವಿನಜೋಳದ ಅಂಗಡಿಯಿಂದ ಇಪ್ಪತ್ತು ಕಿಲೋದ ಕಬ್ಬಿಣದ ತೂಕದ ಕಲ್ಲನ್ನು ತರಿಸಿದ. ಒಬ್ಬ ಗುತ್ತೆಪ್ಪನ ಕತ್ತಿನ ಮೇಲೆ ಮೊಣಕಾಲೂರಿ ಕೂತ. ಇನ್ನೊಬ್ಬ ಅವನ ಬಲಗೈಯನ್ನು ಡೆಸ್ಕಿನ ಮೇಲೆ ಹಾಸಿ ಮಣಿಕಟ್ಟು ಒತ್ತಿ ಹಿಡಿದ. ನೀಲಪ್ಪ ಎರಡೂ ಕೈಯಲ್ಲಿ ಕಲ್ಲನ್ನು ಎದೆಯ ಮಟ್ಟಕ್ಕೆ ಎತ್ತಿ ಬಿಟ್ಟ. ಹಸಿ ಕಟ್ಟಿಗೆ ಮುರಿದ ಹಾಗೆ ಸದ್ದಾಯಿತು. ಎರಡನೆಯ ಸಲಕ್ಕೆ ಡೆಸ್ಕಿನ ಹಲಗೆ ಸೀಳಿತು. ಗುತ್ತೆಪ್ಪನ ಬಾಯಿಂದ ಬಂದದ್ದು ಮನುಷ್ಯರ ದನಿಯಾಗಿರಲಿಲ್ಲ. ಮೂರನೆಯ ಸಲ ಅವನು ಅರಚಲಿಲ್ಲ, ಪ್ರಜ್ಞೆ ತಪ್ಪಿತ್ತು. ನೀಲಪ್ಪ ಆದರೂ ಹಾಕಿದ.

ಹೋಗುವಾಗ ಮತ್ತೆ ಆಚಾರ್ಯರ ಮುಂದೆ ನಿಂತು ಕೈಮುಗಿದ. "ನಿಮಗ ತ್ರಾಸ ಕೊಟ್ಟೆ ಸ್ವಾಮಿ. ಇನ್ನ ಮ್ಯಾಲ ಕಂಡಕಂಡವರಿಗೆ ಶಾಯಿ ಕೊಡಬ್ಯಾಡ್ರಿ" ಎಂದ.

ಆ ದಿನ ಆಚಾರ್ಯರು ಉಣ್ಣಲಿಲ್ಲ. ಹೆಂಡತಿ ಕೃಷ್ಣಾಬಾಯಿ ಬಿಡದೆ ಕೇಳಿದಾಗ ಎಲ್ಲವನ್ನೂ ಹೇಳಿದರು. ಆಕೆ, "ಸುಳ್ಳಂತೂ ಹೇಳಿಲ್ಲಲಾ ನೀವು" ಎಂದರು. ಸಮಾಧಾನಕ್ಕೆಂದೇ ಆಡಿದ ಮಾತು. ಆಚಾರ್ಯರಿಗೆ ಕಪಾಳಕ್ಕೆ ಬಾರಿಸಿದ ಹಾಗಾಯಿತು.

ಮರುದಿನ ನೀಲಪ್ಪನ ಅಂಗಡಿಗೆ ಹೋದರು. ಹತ್ತಿಯ ಅಂಡಿಗೆಗಳ ನಡುವೆ ನೀಲಪ್ಪ ಚಹಾ ಕುಡಿಯುತ್ತಿದ್ದ.

"ಆ ಅರ್ಜಿ ಬರದದ್ದು ನಾನು" ಎಂದರು. "ಗುತ್ತೆಪ್ಪ ಅಲ್ಲ. ಎಡಗೈಲೆ ಬರದೇನಿ. ಬೇಕಾದ್ರ ಬರದು ತೋರಸ್ತೇನಿ."

ನೀಲಪ್ಪ ಅವರನ್ನು ಮೇಲಿನಿಂದ ಕೆಳಗೆ ನೋಡಿ ಹೊಟ್ಟೆ ಕುಣಿಸಿಕೊಂಡು ನಕ್ಕ. "ದೊಡ್ಡ ಮನಸ್ಸ ಸ್ವಾಮಿ ನಿಮ್ದು. ಅಂವನ್ನ ಉಳಸಾಕ ಇಷ್ಟ ದೂರ ಬಂದೀರಿ. ಕುಂದರ್ರಿ, ಹಾಲು ತರಸ್ತೇನಿ." ಆಚಾರ್ಯರು ಮತ್ತೆ ಹೇಳಿದರು, ದನಿ ಏರಿಸಿ ಹೇಳಿದರು. ಅವನು ಮತ್ತಷ್ಟು ನಕ್ಕ. ಅಂಗಡಿಯ ಮೆಟ್ಟಿಲಿಳಿಯುವಾಗ ಆಚಾರ್ಯರ ಎದೆ ಹಗುರಾಗಿತ್ತು, ಬದುಕಿಕೊಂಡೆ ಎನಿಸಿತ್ತು. ಹಾಗೆ ಅನಿಸಿದ್ದು ಗೊತ್ತಾದಾಗ ತಮ್ಮ ಮೇಲೆ ತಮಗೇ ಹೇಸಿಗೆ ಬಂತು. ನೀಲಪ್ಪ ನಂಬುವುದಿಲ್ಲ ಎಂದು ಗೊತ್ತಿದ್ದೇ ಹೋಗಿದ್ದೆನೇ ಎಂಬ ಪ್ರಶ್ನೆ ಎದ್ದಿತು. ಅದಕ್ಕೆ ಉತ್ತರ ಹುಡುಕುವ ಧೈರ್ಯವಾಗಲಿಲ್ಲ.

ಅಲ್ಲಿಂದ ನೇರ ಆಸ್ಪತ್ರೆಗೆ ನಡೆದರು. ಗುತ್ತೆಪ್ಪನ ಕೈ ಮೊಣಕೈ ತನಕ ಬಿಳಿ ಬಟ್ಟೆಯ ಉಂಡೆಯಾಗಿತ್ತು. ಎರಡು ಬೆರಳನ್ನು ತೆಗೆದಿದ್ದರು. ಉಳಿದ ಮೂರು ಇನ್ನು ಮಡಚುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಅವನ ತಾಯಿ ಅಡಿವೆವ್ವ ಗಂಜಿಯ ಗಿಂಡಿ ಹಿಡಿದು ಕೂತಿದ್ದವಳು ಆಚಾರ್ಯರನ್ನು ಕಂಡು ಎದ್ದು ನಿಂತಳು. ಅವರು ಕೂರಲು ಹೇಳಿದರೂ ಕೂರಲಿಲ್ಲ.

"ನಾನ ಬರದದ್ದು, ಗುತ್ತೆಪ್ಪ" ಎಂದರು.

"ಗೊತ್ತೈತ್ರಿ. ಶಾಯಿ ಇದ್ದದ್ದು ಇಬ್ಬರ ಕಡೆ. ನಾ ಬರದಿರಲಿಲ್ಲ" ಎಂದ ಗುತ್ತೆಪ್ಪ. ನೋವಿನ ಔಷಧಿಗೆ ಮಾತು ತೊದಲುತ್ತಿತ್ತು.

"ನೀಲಪ್ಪಗ ಈಗ ಹೇಳಿ ಬಂದೆ. ಅಂವ ನಂಬಲಿಲ್ಲ."

ಗುತ್ತೆಪ್ಪ, "ಅಂವ ಕಲ್ಲು ಹಾಕೂದನ್ನ ನೋಡೀರಲ್ರಿ?" ಎಂದು ಕೇಳಿದ.

"ನೋಡೇನಿ."

"ಅರ್ಧಾ ಸಂತಿ ನೋಡೇತಿ. ಅವ್ವ ಎಲ್ಲಾರ ಕಾಲು ಹಿಡದು ಕೇಳಿ ಬಂದಾಳ. ಒಬ್ಬರೂ ಸಾಕ್ಷಿಗೆ ಬರವಲ್ರು. ನೀವು ಬರ್ತೀರೇನು?"

ಈಗ ತಿಳಿಯಿತು ಆಚಾರ್ಯರಿಗೆ, ತಪ್ಪೊಪ್ಪಿಕೊಳ್ಳುವುದು ಎಷ್ಟು ಅಗ್ಗದ ಕೆಲಸವೆಂದು. ಒಪ್ಪಿಕೊಂಡರೆ ನೀಲಪ್ಪ ಹಾಲು ತರಿಸುತ್ತಾನೆ. ಸಾಕ್ಷಿ ಹೇಳಿದರೆ? ಎದ್ದು ಹೋಗಿಬಿಡೋಣ ಎನಿಸಿತು, ಅರ್ಧ ಎದ್ದೂ ಎದ್ದರು. ಅಡಿವೆವ್ವ ಗಿಂಡಿ ಹಿಡಿದು ಇನ್ನೂ ನಿಂತೇ ಇದ್ದಳು. ಅವರು ಕುಳಿತು ಚೀಲದಿಂದ ಕಾಗದ ತೆಗೆದರು. ನೀಲಪ್ಪ ಮತ್ತು ಅವನ ಆಳುಗಳು ಮಾಡಿದ್ದನ್ನು ಏಟು ಏಟಾಗಿ ಬರೆದರು. ಮೂಗರ್ಜಿ ತಮ್ಮದೆಂದು ಬರೆದರು, ಅದರಲ್ಲಿದ್ದದ್ದು ನಿಜವೆಂದು ಬರೆದರು. ಕಣ್ಣಾರೆ ಕಂಡ ಸಾಕ್ಷಿ ಎಂದು ಕೆಳಗೆ ತಮ್ಮ ಹೆಸರು, ತಂದೆಯ ಹೆಸರು, ಊರು ಬರೆದು ಸಹಿ ಹಾಕಿದರು. ಒಂದು ಪ್ರತಿಯನ್ನು ಠಾಣೆಗೆ ಕೊಟ್ಟರು, ಇನ್ನೊಂದನ್ನು ಧಾರವಾಡಕ್ಕೆ ರಜಿಸ್ಟರ್ ಮಾಡಿದರು.

ಮೂರನೆಯ ದಿನ ನೀಲಪ್ಪ ಆಳುಗಳೊಂದಿಗೆ ಬೇವಿನ ಮರದ ಕೆಳಗೆ ಬಂದ. ಈ ಸಲ ಕೈಮುಗಿಯಲಿಲ್ಲ.

"ಲೇ ಆಚಾರಿ" ಎಂದ. "ನೀ ಏನೂ ನೋಡಿಲ್ಲ. ಈಗಿಂದೀಗ ಹೋಗಿ ಹೇಳಿ ಬಾ."

ಇಡೀ ಬಾಳಿನಲ್ಲಿ ಯಾರೂ ಅವರನ್ನು ಏಕವಚನದಲ್ಲಿ ಹೀಗೆ ಕರೆದಿರಲಿಲ್ಲ. ಆಚಾರ್ಯರಿಗೆ ಹೆದರಿಕೆಯಾಯಿತು, ಉಚ್ಚೆ ಬರುವಷ್ಟು ಹೆದರಿಕೆ. "ನೋಡೇನಿ" ಎಂದರು.

ಬಂಡಿಗೂಟ ನೇರ ಬಾಯಿಗೆ ಬಿತ್ತು. ಹಲ್ಲು ಒಳಗೆ ಚೂರಾಗಿ ನಾಲಿಗೆಗೆ ಚುಚ್ಚಿದ್ದು ಗೊತ್ತಾಯಿತು. ಕೆಳಗೆ ಬಿದ್ದವರನ್ನು ಜನಿವಾರ ಹಿಡಿದೆತ್ತಲು ಹೋದಾಗ ಅದು ಹರಿಯಿತು. ಕೂದಲು ಹಿಡಿದು ಎತ್ತಿದರು. "ಕೋರ್ಟಿನ್ಯಾಗ ಬೇಕಾಗೂದು ಬಾಯಲ್ಲೇನು? ಅದನ್ನ ಮುರೀರಿ" ಎಂದ ನೀಲಪ್ಪ. ಎರಡನೆಯ ಏಟಿಗೆ ದವಡೆ ಕಳಚಿತು. ಆಮೇಲೆ ಪಕ್ಕೆಗೆ ಬಿದ್ದವನ್ನು ಅವರು ಎಣಿಸಲಿಲ್ಲ. ಮಣ್ಣಿನಲ್ಲಿ ಮುಖವಿಟ್ಟು ಬಿದ್ದಾಗ ಒಂದೇ ವಿಚಾರ ತಲೆಯಲ್ಲಿ ಸುತ್ತುತ್ತಿತ್ತು: ಗುತ್ತೆಪ್ಪ ಎದ್ದಿದ್ದ, ಮತ್ತೆ ಎದ್ದಿದ್ದ. ಏಳಲು ನೋಡಿದರು. ಆಗಲಿಲ್ಲ.

ಆಮೇಲಿನದನ್ನು ಕೇಳಿ. ಉಳಿವೆಪ್ಪನನ್ನು ಎತ್ತಿನ ಜೊತೆ ಎಳೆದು ಕೊಂದಾಗ ಊರಲ್ಲಿ ಒಂದು ಅಂಗಡಿ ಮುಚ್ಚಿರಲಿಲ್ಲ. ಗುತ್ತೆಪ್ಪನ ಐದು ಬೆರಳು ಜಜ್ಜಿದಾಗ ಸಂತೆ ನಿಂತಿರಲಿಲ್ಲ. ಆಚಾರ್ಯರ ನಾಲ್ಕು ಹಲ್ಲು ಉದುರಿದವು ನೋಡಿ, ಹಿರೇಕೆರೂರು ಊರಿಗೆ ಊರೇ ಬಾಗಿಲು ಹಾಕಿತು! ಸವಣೂರಿನಿಂದ ಮಠದವರು ಬಂದರು, ವಕೀಲರು ಬಂದರು, ಯಾವತ್ತೂ ಕಾಣದ ಮುಖಂಡರು ಬಂದು ಘೋಷಣೆ ಕೂಗಿದರು. ಸಂಜೆಯೊಳಗೆ ನೀಲಪ್ಪನನ್ನೂ ಆಳುಗಳನ್ನೂ ಹಿಡಿದು ಜೀಪಿಗೆ ಹಾಕಿದರು. ಮರುದಿನ ಧಾರವಾಡದಿಂದ ಒಬ್ಬ ಅಧಿಕಾರಿ ಬಂದ. ಘಟ್ಟದ ಕೆಳಗಿನ ಕಡೆಯವನು, ಮಾತು ಮೆತ್ತಗೆ.

ಗಂಡಸರ ವಾರ್ಡಿನಲ್ಲಿ ಇಬ್ಬರ ಮಂಚವೂ ಅಕ್ಕಪಕ್ಕದಲ್ಲಿದ್ದವು. ಆಚಾರ್ಯರ ದವಡೆಗೆ ತಂತಿ ಹಾಕಿ ಬಿಗಿದಿದ್ದರು, ಮಾತಿಲ್ಲ. ಅಧಿಕಾರಿಯೊಂದಿಗೆ ಬಂದ ಬರಹದ ಪೇದೆ ಜ್ವರ ಬಂದು ಹೊರಗೆ ಜೀಪಿನಲ್ಲಿ ಮಲಗಿದ್ದ. ಗುತ್ತೆಪ್ಪ ಹೇಳಲಿ, ಆಚಾರ್ಯರು ಬರೆಯಲಿ, ಇಬ್ಬರದೂ ಹೇಳಿಕೆ ಒಟ್ಟಿಗೆ ಆಗಲಿ, ಆಮೇಲೆ ಓದಿ ನಾನು ಸಹಿ ಹಾಕುತ್ತೇನೆ ಎಂದ ಅಧಿಕಾರಿ. ತನ್ನ ಬಾಲ್‌ಪೆನ್ನನ್ನೇ ತೆಗೆದುಕೊಟ್ಟ. ಆಚಾರ್ಯರು ತೆಗೆದುಕೊಂಡರು.

ಗುತ್ತೆಪ್ಪ ನಿಧಾನವಾಗಿ ಹೇಳುತ್ತ ಹೋದ. ನೀಲಪ್ಪ ಬಂದದ್ದು, ಕಲ್ಲು ತರಿಸಿದ್ದು, ಯಾರು ಕತ್ತು ಒತ್ತಿದ್ದು, ಯಾರು ಕೈ ಹಿಡಿದದ್ದು. ಆಚಾರ್ಯರು ಬರೆದರು. ಬಾಗಿಲಲ್ಲಿ ಚೌಡವ್ವ ಇಬ್ಬರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ನಿಂತಿದ್ದಳು, ತನ್ನ ಸರದಿಗೆ ಕಾಯುತ್ತ. ಯಾರೂ ಅವಳನ್ನು ಕರೆದಿರಲಿಲ್ಲ, ತಾನಾಗಿ ಬಂದಿದ್ದಳು.

"ಒಂದು ಕೇಳುತ್ತೇನೆ" ಎಂದ ಅಧಿಕಾರಿ. "ಮೂಗರ್ಜಿ ಇವರು ಬರೆದದ್ದು ಅಂತ ನಿನಗೆ ಆಗಲೇ ಗೊತ್ತಿತ್ತಾ?"

"ಗೊತ್ತಿತ್ರಿ."

"ಮತ್ತೆ ಇವರ ಕಡೆ ಕೈ ತೋರಿಸಿದ್ದರೆ ನಿನ್ನ ಕೈ ಉಳಿಯುತ್ತಿತ್ತಲ್ಲ? ಯಾಕೆ ಹೇಳಲಿಲ್ಲ?"

ಗುತ್ತೆಪ್ಪ ಚಾವಣಿ ನೋಡುತ್ತಿದ್ದ. "ನಾ ಹೇಳಿದ್ರ ಯಾರ ನಂಬತಿದ್ರು ಸಾಹೇಬ್ರ? ಆಚಾರ್ರು ಹೇಳಿದ್ರ ಆಗ ನಂಬತಿದ್ರೋ ಏನೋ. ಅದಕ್ಕ ಎರಡ ಸಲ ಅವರ ಮುಖಾ ನೋಡಿದ್ನಿ. ಹೇಳತಾರ ಅಂತ ಕಾದ್ನಿ. ಹೇಳಲಿಲ್ಲ. ಅಷ್ಟರಾಗ ಆ ಹೆಣ್ಣುಮಕ್ಕಳ ಕಡೆ ಹೊಂಟ್ರು."

ಅಧಿಕಾರಿಗೆ ಮುಜುಗರವಾಯಿತು. ಆಚಾರ್ಯರ ಕಟ್ಟಿದ ಮುಖವನ್ನು ನೋಡಿ, "ಅದು ಕೇಸಿಗೆ ಬೇಕಾಗಿಲ್ಲ, ಅದನ್ನು ಬಿಟ್ಟುಬಿಡಿ" ಎಂದ.

ಆಚಾರ್ಯರು ಒಲ್ಲೆನೆಂದು ತಲೆಯಲ್ಲಾಡಿಸಿದರು. ಗುತ್ತೆಪ್ಪ ಹೇಳಿದ್ದನ್ನು ಮಾತಿಗೆ ಮಾತು ಬರೆದರು. ಕಾಗದವನ್ನು ತಿರುಗಿಸಿ ಗುತ್ತೆಪ್ಪನ ಕಣ್ಣ ಮುಂದೆ ಹಿಡಿದರು. ಅವನು ಮೊದಲಿನಿಂದ ಕೊನೆಯ ತನಕ ಓದಿದ.

"ಎಲ್ಲಾ ಬರೋಬರಿ ಐತ್ರಿ ಆಚಾರ್ರ" ಎಂದ. "ಒಂದ ಮಾತು ಉಳದೈತಿ. ಶಾಯಿ ಯಾರಿಗೆ ಕೊಟ್ಟೀರಿ ಅಂತ ನೀಲಪ್ಪ ಕೇಳಿದಾಗ ನೀವು ಏನಂದ್ರಿ ಅನ್ನೂದು. ನಾ ಅಲ್ಲೇ ಇದ್ನಿ, ಕೇಳೇನಿ. ಅದನ್ನೂ ಬರೀರಿ."

ಆಚಾರ್ಯರು ಕಾಗದವನ್ನು ತೊಡೆಯ ಮೇಲಿಟ್ಟುಕೊಂಡು ಅದನ್ನೂ ಬರೆದರು.